ಪರವಾಗಿಲ್ಲ ಅಂದರೆ ಕೋಡುಬಳೆ

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷ ನಾನು ಜಯನಗರದ ಒಂದು ಆಸ್ಪತ್ರೆಯ ಪೇಯ್ನ್ ಕ್ಲಿನಿಕ್‌ನಲ್ಲಿ ಹಿರಿಯ ನರ್ಸ್ ಆಗಿದ್ದೆ. ಗಾಯ ಮಾಗಿದರೂ ನೋವು ಹೋಗದವರು ಬರುವ ಜಾಗ ಅದು. ಶನಿವಾರ ಮಧ್ಯಾಹ್ನ ಅವರನ್ನೆಲ್ಲ ಒಟ್ಟಿಗೆ ಕೂರಿಸಿ ಮಾತನಾಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನನಗೋ ಮೂಗಿನ ತುದಿಯಲ್ಲೇ ಕೋಪ. "ಹೇಗಿದೀರ?" ಎಂದರೆ ಎಲ್ಲರದೂ ಒಂದೇ ಉತ್ತರ: "ಪರವಾಗಿಲ್ಲ." ಪರವಾಗಿಲ್ಲ ಎನ್ನುವವರು ಎರಡು ಬಸ್ ಬದಲಾಯಿಸಿ ಆಸ್ಪತ್ರೆಗೆ ಬರುವುದಾದರೂ ಯಾಕೆ? ರೇಗಿಹೋಗಿ ಒಂದು ನಿಯಮ ಮಾಡಿದೆ. ಆ ಪದ ಬಾಯಿಂದ ಬಂದರೆ ಮುಂದಿನ ವಾರ ಎಲ್ಲರಿಗೂ ಕೋಡುಬಳೆ ತರಬೇಕು.

ಅತಿ ಹೆಚ್ಚು ಕೋಡುಬಳೆ ತಂದವರು ರುದ್ರಪ್ಪ. ಕುಮಾರಸ್ವಾಮಿ ಲೇಔಟ್‌ನಲ್ಲಿ ಅವರದು ಹಾರ್ಡ್‌ವೇರ್ ಅಂಗಡಿ. ಬೆನ್ನಿನಿಂದ ಎದೆಯವರೆಗೆ ಸರ್ಪಸುತ್ತು ಆಗಿ ಗುಳ್ಳೆಗಳು ಒಣಗಿದ್ದವು, ಆದರೆ ಒಳಗಿನ ನರ ಕೆಟ್ಟಿತ್ತು. ಇದಕ್ಕೆ ಪೋಸ್ಟ್‌ಹರ್ಪೆಟಿಕ್ ನ್ಯೂರಾಲ್ಜಿಯಾ ಎನ್ನುತ್ತಾರೆ. ಚರ್ಮದ ಮೇಲೆ ವಿಶೇಷವೇನೂ ಕಾಣುವುದಿಲ್ಲ, ಬಟ್ಟೆ ಸೋಕಿದರೆ ಮಾತ್ರ ಪ್ರಾಣ ಹೋಗುತ್ತದೆ. ಡಾಕ್ಟರಿಗೂ ಅವರು "ಪರವಾಗಿಲ್ಲ ಸಾರ್" ಎಂದೇ ಹೇಳುತ್ತಿದ್ದರು. ಡಾಕ್ಟರು ಗುಣವಾಗುತ್ತಿದೆ ಎಂದುಕೊಂಡು ಮಾತ್ರೆಯನ್ನು ಹಾಗೇ ಮುಂದುವರಿಸಿದ್ದರು.

ಒಂದು ಶನಿವಾರ ಅವರ ಹೆಂಡತಿಯೂ ಜೊತೆಗೆ ಬಂದರು. ನಾನು ಕೇಳಿದ ತಕ್ಷಣ ರುದ್ರಪ್ಪ "ಪರ..." ಎಂದು ಬಾಯಿ ತೆರೆದರು.

"ಸಾಕು ಸುಮ್ನಿರ್ರೀ! ಅಂಗಡಿ ಮುಚ್ಬಿಡ್ತೀನಿ ಅಂತ ಕೂತಿದೀರಲ್ಲ, ಅದನ್ನ ಹೇಳಿ" ಎಂದು ಆಕೆ ಗದರಿದರು.

ರುದ್ರಪ್ಪ ತಮ್ಮ ದೊಗಲೆ ಶರ್ಟನ್ನು ಮೈಗೆ ತಾಗದಂತೆ ಎಳೆದು ಹಿಡಿದರು. "ಶರ್ಟ್ ಹಾಕ್ಕೊಂಡ್ರೆ ಒಳಗೆ ಕೆಂಡ ಸುರಿದಂಗಾಗತ್ತೆ ಸಿಸ್ಟರ್. ಬನಿಯನ್ನೂ ತಡೆಯಕ್ಕಾಗಲ್ಲ. ಬರೀ ಮೈಯಲ್ಲಿ ಗಲ್ಲಾದಲ್ಲಿ ಕೂರಕ್ಕಾಗತ್ತಾ? ಕಣ್ಣಿಗೇನೂ ಕಾಣ್ಸಲ್ವಲ್ಲ, ನಾಟಕ ಅಂದ್ಕೋತಾರೆ ಅಂತ ಸುಮ್ನಿದ್ದೆ."

ವರ್ಷಗಟ್ಟಲೆ ಬೆನ್ನುನೋವಿನಿಂದ ಬಳಲುತ್ತಿದ್ದ ಟೀಚರೊಬ್ಬರು ಪಕ್ಕದಲ್ಲೇ ಇದ್ದರು. "ನಂಗೂ ಹಂಗೇ ಅಂತಾರೆ ಅಣ್ಣ" ಎಂದರು. ನನ್ನ ಕೋಪವೆಲ್ಲ ಇಳಿದು ಕಣ್ಣು ತುಂಬಿತು.

ರುದ್ರಪ್ಪನವರ ಮಾತನ್ನು ಹಾಗೆಯೇ ಡಾಕ್ಟರಿಗೆ ಮುಟ್ಟಿಸಿದೆ. ಔಷಧಿ ಬದಲಾಯಿತು, ಚರ್ಮಕ್ಕೆ ಅಂಟಿಸಿ ನೋವನ್ನು ಮರಗಟ್ಟಿಸುವ ಪ್ಯಾಚ್ ಬಂತು. ಹಳೇ ಪಂಚೆಯ ಮೆತ್ತನೆ ತುಂಡಿನಿಂದ ಆ ಜಾಗವನ್ನು ದಿನಾ ಮೆಲ್ಲಗೆ ಸವರಿ, ರೂಢಿಯಾದ ಮೇಲೆ ಒರಟು ಟವೆಲ್ ಬಳಸುವುದನ್ನು ನಾನು ಕಲಿಸಿಕೊಟ್ಟೆ. ಮುಟ್ಟಿದ್ದೆಲ್ಲ ಬೆಂಕಿಯಲ್ಲ ಎಂದು ನರಕ್ಕೆ ಪಾಠ ಹೇಳುವ ಈ ವಿಧಾನಕ್ಕೆ ಡಿಸೆನ್ಸಿಟೈಸೇಶನ್ ಎಂದು ಹೆಸರು. ನೋವು ಪೂರ್ತಿ ಹೋಗದಿರಬಹುದು ಎಂದೂ ಹೇಳಿದ್ದೆವು. ಅಂಗಡಿ ಮುಚ್ಚುವ ಮಾತನ್ನು ಅವರ ಹೆಂಡತಿ ಸದ್ಯಕ್ಕೆ ತಡೆದು, ತಾವೇ ಗಲ್ಲಾದಲ್ಲಿ ಕೂತರು.

ಕೆಲವು ತಿಂಗಳ ನಂತರ ರುದ್ರಪ್ಪ ಇಸ್ತ್ರಿ ಮಾಡಿದ ಶರ್ಟ್ ತೊಟ್ಟು ಬಂದರು. ಕೈಯಲ್ಲಿ ಕೋಡುಬಳೆಯ ಪೊಟ್ಟಣ.

"ಯಾಕ್ರೀ, ಹೋದ ವಾರ ನೀವು ಆ ಮಾತು ಆಡ್ಲೇ ಇಲ್ವಲ್ಲ?"

"ಇಲ್ಲಿ ಆಡ್ಲಿಲ್ಲ ಸಿಸ್ಟರ್. ಬೆಳಿಗ್ಗೆ ಅಂಗಡಿ ಷಟರ್ ಎತ್ತುವಾಗ ಇವ್ಳು ಹೇಗಿದೆ ಅಂತ ಕೇಳಿದ್ಲು. ಪರವಾಗಿಲ್ಲ ಅಂದ್ಬಿಟ್ಟೆ. ಈ ಸಲ ನಿಜ."

ನೋವನ್ನು ಅಳೆಯುವ ಯಂತ್ರ ನಮ್ಮಲ್ಲಿರಲಿಲ್ಲ. ರೋಗಿ ಬಾಯಿಬಿಟ್ಟು ಹೇಳಿದ್ದೇ ನಮಗೆ ದಾರಿ, ಆ ಬಾಯಿ ಬಿಡಿಸುವುದೇ ಅರ್ಧ ಚಿಕಿತ್ಸೆ ಎಂದು ಈ ಉದ್ಯೋಗ ನನಗೆ ಕಲಿಸಿತು. ನಿಯಮ ನಿಯಮವೇ ಎಂದು ಅವತ್ತು ಎಲ್ಲರೂ ಕೋಡುಬಳೆ ತಿಂದೆವು. ನಾನು ಎರಡು ಹೆಚ್ಚಿಗೇ ತಿಂದೆ.