ಸಕ್ರವ್ವ ಅಕ್ಕೋರು ತುಂಬಿದ ಹಾಳೆ

ಗುಡೂರಿನ ಅಂಗನವಾಡಿಯ ಸಕ್ರವ್ವ ಅಕ್ಕೋರದು ಇಪ್ಪತ್ತೈದು ವರ್ಷದ ಸರ್ವೀಸು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ಕಂಡದ್ದನ್ನು ಕಂಡ ಹಾಗೆ ಬರೆಯುವ ಹೆಂಗಸು. ಹಾಜರಿ ಪುಸ್ತಕದಲ್ಲೂ ಒಂದು ಸುಳ್ಳಿಲ್ಲ. ಆ ಖರೇತನವೇ ಈ ಆಷಾಢದಲ್ಲಿ ಅನಾಹುತ ಮಾಡಿತು ನೋಡಿ.

ಮೇಲಿನವರು ಹೊಸ ಹಾಳೆ ಕಳಿಸಿದ್ದರು. ಪ್ರತಿ ಮಗುವಿನ ನಡತೆ ನೋಡಿ ಹೌದು, ಇಲ್ಲ ಎಂದು ತುಂಬಬೇಕು; ಮನೆಯವರಿಗೆ ಓದಿ ಹೇಳಿ ಸಹಿ ಹಾಕಿಸಬೇಕು. ನಾಲ್ಕು ವರ್ಷದ ಗೀತಾಂಜಲಿಯದನ್ನು ತುಂಬುವಷ್ಟರಲ್ಲಿ ಅಕ್ಕೋರಿಗೆ ಸಾಕುಸಾಕಾಯಿತು. ಆ ವಾರವೇ ಅವಳು ಒಬ್ಬನ ಕಿವಿಯನ್ನು ರಕ್ತ ಬರುವ ಹಾಗೆ ಕಚ್ಚಿದ್ದಳು, ಇನ್ನೊಬ್ಬಳ ಹಣೆಗೆ ಸ್ಟೀಲ್ ತಟ್ಟೆ ಬೀಸಿದ್ದಳು. ಅರಿವೆ ಗೊಂಬೆಯನ್ನು ಗೋಡೆಗೆ ಒತ್ತಿ ಹಿಡಿದು, "ಬಾಯಿ ಮುಚ್ಚತೀಯೋ ಇಲ್ಲೋ?" ಎನ್ನುತ್ತ ಹಗ್ಗದಿಂದ ಬಾರಿಸುತ್ತಿದ್ದಳು.

"ಆಕಿನ್ನ ಅಂಗನವಾಡಿ ಬಿಡಸ್ರಿ, ಇಲ್ಲಾಂದ್ರ ನಮ್ಮ ಹುಡುಗ್ರನ್ನ ಕಳಸಂಗಿಲ್ಲ" ಎಂದು ತಾಯಂದಿರು ಪಟ್ಟು ಹಿಡಿದಿದ್ದರು. ಬಿಡಿಸಿದರೆ ಆ ಕೂಸು ದಿನವಿಡೀ ಅಪ್ಪ ಸೋಮಲಿಂಗನ ಕೈಗೆ ಸಿಗುತ್ತಿತ್ತು. ಇಳಕಲ್ಲಿನ ಪಾವರ್‌ಲೂಮಿನಲ್ಲಿ ರಾತ್ರಿ ಪಾಳಿ ಮಾಡಿ ಹಗಲು ಮಲಗುವ ಅವನ ನಿದ್ದೆ ಕೆಟ್ಟರೆ ಬೆಲ್ಟೇ ಮಾತಾಡುತ್ತಿತ್ತು.

ಸಹಿಗೆ ಬಂದವನ ಮುಂದೆ ಅಕ್ಕೋರು ಒಂದನ್ನೂ ಬಿಡದೆ ಓದಿದರು. "ಸಿಟ್ಟು ಬಂದಾಗ ಹೊಡೆಯುತ್ತದೆಯೇ? ಹೌದು. ಕಚ್ಚುತ್ತದೆಯೇ? ಹೌದು." ಮೂರನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಬೆಲ್ಟು ಸೊಂಟದಿಂದ ಹೊರಬಂದಿತ್ತು.

"ನನ್ನ ಮಾನಾ ಕಳೀತಿಯೇನ ನೀ!" ಎಂದು ಮಗಳ ಮೇಲೆ ಎರಗಿದ.

ಮೊದಲ ಏಟಿಗೆ ಕೂಸು ಉಪ್ಪಿಟ್ಟಿನ ಬೋಗುಣಿಯ ಮೇಲೆ ಬಿತ್ತು. ಎರಡನೆಯದಕ್ಕೆ ಅಕ್ಕೋರು ಅದರ ಮೇಲೆ ಕವುಚಿಕೊಂಡರು; ಬಕಲ್ಲು ಅವರ ಮೊಣಕೈ ಸೀಳಿತು. ಅಯ್ಯೋ, ಹದಿನೆಂಟು ಮಕ್ಕಳ ಆ ಕಿರುಚಾಟ! ಸಹಾಯಕಿ ಶಾರವ್ವ ಒಲೆಯ ಮೇಲಿನ ಬಿಸಿ ಸೌಟು ಹಿಡಿದು ಓಡಿಬಂದು ಅವನ ಮುಂಗೈಗೆ ಒಂದು ಬಿಟ್ಟಳು. ಬೆಲ್ಟು ಕೆಳಗೆ ಬಿತ್ತು. ಗದ್ದಲ ಕೇಳಿ ಬಂದ ತಾಯಂದಿರು ಬಾಗಿಲಲ್ಲಿ ಗುಂಪಾದರು.

"ನಾಚಿಕಿ ಬರಂಗಿಲ್ಲೇನೋ ನಿನಗ? ಕೂಸಿಗೆ ಬೆಲ್ಟಿಲೆ ಬಡೀತಿಯಲ್ಲ!" ಎಂದು ಅಕ್ಕೋರು ಚೀರಿದರು.

"ನೀವು ಬಡದಿಲ್ಲೇನ್ರಿ?" ಅವನೂ ಚೀರಿದ. "ನಾ ಇಲ್ಲಿ ಬರ್ತಿದ್ದಾಗ, ಇದ ಗ್ವಾಡಿಗೆ ನನ್ನ ಒತ್ತಿ ಹಿಡದು, ಬಾಯಿ ಮುಚ್ಚತೀಯೋ ಇಲ್ಲೋ ಅಂತ ಬಡಿಗಿಲೆ ಬಡೀತಿದ್ರಿ. ನಾನೂ ಆಗ ನಾಕ ವರ್ಷದಾಂವ ಇದ್ದೆ."

ಅಕ್ಕೋರು ಆ ಗೋಡೆಯ ಕಡೆ ನೋಡಿದರು. ಖರೆ. ಹುಡುಗಿ ಗೊಂಬೆಗೆ ಕೇಳುತ್ತಿದ್ದ ಮಾತು ತಮ್ಮದೇ; ಅಪ್ಪನ ಬಾಯಿಂದ ಅವಳಿಗೆ ಬಂದಿತ್ತು. ಬಡಿಗೆ ಬಿಟ್ಟು ಎಷ್ಟೋ ವರ್ಷವಾಗಿತ್ತು. ಆದರೆ ಸುಳ್ಳು ಬರೆಯದ ಹೆಂಗಸು ಇದೊಂದನ್ನು ಎಲ್ಲೂ ಬರೆದಿರಲಿಲ್ಲ.

ಮೊಣಕೈಯಿಂದ ರಕ್ತ ಸುರಿಯುತ್ತಿರುವಾಗಲೇ ಖಾಲಿ ಹಾಳೆಯೊಂದನ್ನು ಎಳೆದುಕೊಂಡರು. ಹೆಸರು: ಸಕ್ರವ್ವ. ವಯಸ್ಸು: ಐವತ್ತೊಂದು. ಸಿಟ್ಟು ಬಂದಾಗ ಹೊಡೆಯುತ್ತದೆಯೇ? ಹೌದು. ಎಲ್ಲರೆದುರು ಗಟ್ಟಿಯಾಗಿ ಓದಿ ಸಹಿ ಹಾಕಿದರು.

"ತಪ್ಪಾತೋ ಸೋಮಲಿಂಗ. ನಂದು ಭಾಳ ದೊಡ್ಡ ತಪ್ಪಾತು" ಎಂದು, ತಾಯಂದಿರ ಕಡೆ ತಿರುಗಿದರು. "ಈಕಿನ್ನ ಬಿಡಸೂದಿದ್ರ ಮೊದಲ ನನ್ನ ಬಿಡಸ್ರಿ."

ಅಕ್ಕೋರು ಇನ್ನೊಂದು ಖಾಲಿ ಹಾಳೆ ತೆಗೆದು ಅದರ ಮೇಲೆ ಸೋಮಲಿಂಗನ ಹೆಸರು ಬರೆದರು. "ಈಗ ನಿಂದು ಹೇಳು, ಬರಕೋತೇನಿ."

ಸೋಮಲಿಂಗ ಮಗಳ ಕಡೆ ನೋಡಿದ. ಅವಳು ತಾನಾಗಿಯೇ ಹೋಗಿ ಗೋಡೆಗೆ ಒತ್ತಿ ನಿಂತಿದ್ದಳು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು.

"ಹೌದು ಅಂತ ಬರೀರಿ, ಅಕ್ಕೋರ" ಎಂದ.