ಮೂಡಲಗಿಗಾಗಿ ನಡೆದ ಯುದ್ಧ

ನನ್ನ ಸೈನಿಕರಿಗೆಲ್ಲ ತುಸು ಮೆಳ್ಳೆಗಣ್ಣು. ಗೋಕಾಕದ ಪೇಟೆಯಲ್ಲಿ ಅರ್ಧ ಆಯುಷ್ಯ ಚಷ್ಮಾದ ಅಂಗಡಿ ನಡೆಸಿದವನು ನಾನು. ಊರ ಮಂದಿಗೆಲ್ಲ ಕಣ್ಣು ಕಾಣಿಸುವಂತೆ ಮಾಡಿದವನಿಗೆ ಬೆರಳಿನಷ್ಟು ಎತ್ತರದ ಕಟ್ಟಿಗೆ ಸಿಪಾಯಿಗೆ ಎರಡು ಕಣ್ಣು ಇಡಲು ಬರುವುದಿಲ್ಲ ಎಂದರೆ ಯಾರೂ ನಂಬಲಿಕ್ಕಿಲ್ಲ. ಟಾಚಣಿ ಸೂಜಿಯ ತುದಿಯನ್ನು ಕರಿ ಬಣ್ಣದಲ್ಲಿ ಅದ್ದಿ, ಉಸಿರು ಬಿಗಿಹಿಡಿದು ಬಲಗಣ್ಣು ಇಡುತ್ತೇನೆ. ಅದೇನೋ ಚೆನ್ನಾಗಿಯೇ ಬೀಳುತ್ತದೆ. ಆ ಹಿಗ್ಗಿನಲ್ಲಿ ಎಡಗಣ್ಣು ಕಿವಿಯ ಹತ್ತಿರ ಹೋಗಿ ಕೂಡುತ್ತದೆ.

"ಇವರು ವೈರಿ ನೋಡಾಕತ್ತಾರೋ, ಬಾಜೂಮನಿ ನೋಡಾಕತ್ತಾರೋ?" ಎಂದು ನನ್ನ ಹೆಂಡತಿ ಶಾಂತಾ ಒಂದು ದಿನ ಕೇಳಿದಳು. ಕಾವಲಿನವರು ಎರಡೂ ಕಡೆ ನೋಡಬೇಕಾಗುತ್ತದೆ ಎಂದು ಹೇಳಿ ತಪ್ಪಿಸಿಕೊಂಡೆ.

ಈ ಸೈನ್ಯ ಹದಿನೆಂಟನೆಯ ಶತಮಾನದ ಗೋಕಾವಿ ಸಂಸ್ಥಾನದ್ದು. ಚರಿತ್ರೆಯಲ್ಲಿ ಹುಡುಕಬೇಡಿ, ಅಂಥ ಸಂಸ್ಥಾನ ಇರಲಿಲ್ಲ. ಅದರ ದೊರೆ ನಾನೇ. ನನ್ನ ಶತ್ರು ಹುಕ್ಕೇರಿಯಲ್ಲಿದ್ದಾನೆ. ಹೆಸರು ಶಿವಲಿಂಗ, ನಿವೃತ್ತ ದನದ ಡಾಕ್ಟರು, ನನ್ನ ಬಾಲ್ಯದ ಗೆಳೆಯ. ಇಬ್ಬರೂ ಮೂಡಲಗಿಯಲ್ಲಿ ಬೆಳೆದವರು. ಸಾಲಿ ಬಿಟ್ಟ ಮೇಲೆ ಹಳ್ಳದ ಎರೆಮಣ್ಣು ಕಲಸಿ ಸಿಪಾಯಿ ಮಾಡಿ, ಬಿಸಿಲಿಗೆ ಒಣಗಿಸಿ, ಕಾದಾಡುತ್ತಿದ್ದೆವು. ಗೆದ್ದವನಿಗೆ ಇಡೀ ಮೂಡಲಗಿ. ಆದರೆ ಯಾರೂ ಪೂರ್ತಿ ಗೆದ್ದ ನೆನಪಿಲ್ಲ. ಯುದ್ಧ ರಂಗೇರುವ ಹೊತ್ತಿಗೆ ಯಾರದಾದರೂ ಅವ್ವ ಊಟಕ್ಕೆ ಕರೆಯುತ್ತಿದ್ದಳು. ಮಣ್ಣಿನ ಸಿಪಾಯಿಗಳನ್ನು ಮಳೆ ಕರಗಿಸಿತು, ನಮ್ಮನ್ನು ಕಾಲೇಜು, ನೌಕರಿ, ಸಂಸಾರಗಳು ಬೇರೆ ಬೇರೆ ಊರಿಗೆ ಒಯ್ದವು.

ಅಂಗಡಿ ಮಗನಿಗೆ ಒಪ್ಪಿಸಿ ಕೈ ಖಾಲಿಯಾದ ಕಾಲಕ್ಕೆ, ಗೋಕಾಕದಲ್ಲಿ ಕಟ್ಟಿಗೆಯ ಗೊಂಬೆ ಮಾಡುವವರ ಮನೆಯಲ್ಲಿ ಬಣ್ಣ ಹಚ್ಚದ ಪುಟ್ಟ ಸಿಪಾಯಿಯೊಂದು ಕಣ್ಣಿಗೆ ಬಿತ್ತು. ಒಂದು ಹಿಡಿಯಷ್ಟು ಮಾಡಿಸಿಕೊಂಡು ಹುಕ್ಕೇರಿಯ ಬಸ್ಸು ಹತ್ತಿದೆ. ಶಿವಲಿಂಗ ಅವನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದ. ಆಮೇಲೆ ಕೇಳಿದ್ದು ಒಂದೇ ಮಾತು:

"ಮೂಡಲಗಿ ಯಾರದು?"

ಹೀಗೆ ಯುದ್ಧ ಮತ್ತೆ ಶುರುವಾಯಿತು. ಹದಿನೆಂಟನೆಯ ಶತಮಾನವೇ ಏಕೆಂದರೆ, ಬಣ್ಣ ಹಚ್ಚುವವನಿಗೆ ಅದರಂಥ ಕಾಲ ಇನ್ನೊಂದಿಲ್ಲ. ಕತ್ತಿಯೂ ಉಂಟು, ಬಂದೂಕೂ ಉಂಟು, ತೋಪು, ಕುದುರೆ, ಆನೆ ಎಲ್ಲ ಉಂಟು. ಒಬ್ಬೊಬ್ಬನ ಮುಂಡಾಸಿಗೂ ಒಂದೊಂದು ಬಣ್ಣ. ಈಗಿನ ಸೈನಿಕರ ಬಟ್ಟೆ ಮಣ್ಣಿನ ಬಣ್ಣದ್ದು, ವೈರಿಗೆ ಕಾಣಬಾರದು ಎಂದು. ಆಗಿನವರಿಗೆ ಕಾಣಿಸುವುದೇ ಮುಖ್ಯವಾಗಿತ್ತು ಎಂದು ತೋರುತ್ತದೆ. ಸಾಯುವುದೇ ಆದರೆ ಚೆಂದಾಗಿ ಕಾಣುತ್ತ ಸಾಯೋಣ ಎನ್ನುವ ಲೆಕ್ಕ.

ಇಬ್ಬರ ಮನೆಯಲ್ಲೂ ಒಂದೊಂದು ನಕಾಶೆ, ಅದರ ಮೇಲೆ ಎರಡೂ ಸೈನ್ಯದ ಸಿಪಾಯಿಗಳು. ಪ್ರತಿ ರವಿವಾರ ಫೋನಿನಲ್ಲಿ ಒಬ್ಬೊಬ್ಬರದು ಒಂದೊಂದು ನಡೆ. ಸೈನ್ಯಗಳು ಎದುರಾದರೆ ದಾಳ ಉರುಳಿಸಬೇಕು. ಎದುರಿನವನು ಬಿದ್ದಷ್ಟನ್ನು ಖರೆ ಹೇಳುತ್ತಾನೆಂಬುದು ನಂಬಿಕೆಯ ಮಾತು. ನಾನು ನನ್ನ ತೋಪುಗಳನ್ನು ಧುಪದಾಳದ ಒಡ್ಡಿನ ಮೇಲೆ ನಿಲ್ಲಿಸಿದ ದಿನ ದೊಡ್ಡ ಜಗಳವೇ ಆಯಿತು.

"ಹದಿನೆಂಟನೇ ಶತಮಾನದಾಗ ಆ ಒಡ್ಡು ಎಲ್ಲಿತ್ತೋ? ಅದು ಇಂಗ್ಲೀಷರು ಆಮ್ಯಾಲ ಕಟ್ಟಿದ್ದು. ನಿನ್ನ ತೋಪೆಲ್ಲಾ ಈಗ ನೀರಾಗ ನಿಂತಾವು!" ಎಂದ.

ಇಲ್ಲದ ಸಂಸ್ಥಾನಕ್ಕೆ ಇಲ್ಲದ ಒಡ್ಡು ಇರಬಾರದೇಕೆ ಎಂದು ವಾದಿಸಿದೆ. ಒಪ್ಪಲಿಲ್ಲ. ನನ್ನ ಕುದುರೆಗಳ ಬಗ್ಗೆಯಂತೂ ಅವನಿಗೆ ಅಪಾರ ಮರುಕ. ನಾನು ಹೋದಾಗಲೆಲ್ಲ ಒಂದನ್ನು ಎತ್ತಿ ಹಿಡಿದು, "ಹಿಂದಿನಿಂದ ನೋಡಿದರ ಎಮ್ಮಿ, ಮುಂದಿನಿಂದ ನೋಡಿದರ ಆಡು. ಇದನ್ನ ಏರಿದಾಂವ ಯುದ್ಧಕ್ಕ ಹೋಗೂದಿಲ್ಲ, ಸಂತಿಗಿ ಹೋಗತಾನ" ಎನ್ನುತ್ತಿದ್ದ. ನಾನು ಅವನ ಸಿಪಾಯಿಗಳ ಗುಲಾಬಿ ಮುಂಡಾಸು ನೋಡಿ, ಇದು ದಂಡೋ ಮದುವೆಯ ದಿಬ್ಬಣವೋ ಎಂದು ಸೇಡು ತೀರಿಸಿಕೊಳ್ಳುತ್ತಿದ್ದೆ.

ಹೋದ ಬೇಸಿಗೆಯಲ್ಲಿ ಶಿವಲಿಂಗನಿಗೆ ಲಕ್ವಾ ಹೊಡೆಯಿತು. ಬಲಗೈ ಎತ್ತಲಾಗದು, ಮಾತು ತೊದಲು. ದವಾಖಾನೆಯಿಂದ ಮನೆಗೆ ಬಂದ ಮೇಲೆ ನೋಡಲು ಹೋದೆ. ಕಿಡಕಿಯ ಹತ್ತಿರದ ಮೇಜಿನ ಮೇಲೆ ಅವನ ಅರ್ಧ ಸೈನ್ಯ ಬಣ್ಣವಿಲ್ಲದೆ ನಿಂತಿತ್ತು. ಕುಂಚದ ಕೂದಲು ಒಣಗಿ ಸೆಟೆದಿತ್ತು. ಆ ಸಿಪಾಯಿಗಳನ್ನು ಒಂದು ಕರದಂಟಿನ ಡಬ್ಬಿಯಲ್ಲಿ ತುಂಬಿಕೊಂಡು, "ನಾ ಬಣ್ಣಾ ಹಚ್ಚಿ ತರತೇನಿ, ನೀ ಆರಾಮ ಮಾಡು" ಎಂದು ಹೇಳಿ ಎದ್ದು ಬಂದೆ. ಬಸ್ಸಿನಲ್ಲಿ ಗೋಕಾಕ ಮುಟ್ಟುವವರೆಗೂ ಆ ಡಬ್ಬಿಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ವೈರಿಯ ಸೈನ್ಯಕ್ಕೆ ಬಣ್ಣ ಹಚ್ಚುವ ದೊರೆಯ ಕಷ್ಟ ಯಾರಿಗೆ ಗೊತ್ತು! ಅವನ ಗುಲಾಬಿ ನನ್ನ ಬಣ್ಣಗಳಲ್ಲಿ ಬರಲೇ ಇಲ್ಲ. ಕೊನೆಗೆ ಶಾಂತಾ ತನ್ನ ಉಗುರುಬಣ್ಣದ ಬಾಟಲಿ ತಂದಿಟ್ಟಳು. ದಿನಾ ಬೆಳಿಗ್ಗೆ ಒಂದೊಂದು ಮುಂಡಾಸು. ನನ್ನ ಸ್ವಂತ ಸೈನ್ಯಕ್ಕೆ ನಾನು ಅಷ್ಟು ಜೋಪಾನ ಮಾಡಿರಲಿಲ್ಲ.

ರವಿವಾರ ಅಳುಕುತ್ತಲೇ ಫೋನ್ ಮಾಡಿದೆ. ಎತ್ತಿದವರು ಅವನ ಹೆಂಡತಿ ಗಂಗಾ ವೈನಿ, ಕನ್ನಡ ಸಾಲಿಯ ಮುಖ್ಯ ಶಿಕ್ಷಕಿಯಾಗಿ ನಿವೃತ್ತರಾದ ಹೆಡ್‌ಬಾಯಿ.

"ಅವರ ಮಾತು ನನಗ ತಿಳೀತಾವ್ರಿ. ಅವರು ಹೇಳೂದನ್ನ ನಾ ನಿಮಗ ಹೇಳತೇನಿ. ಈ ವಾರ ಯಾರೂ ಹೊರಗ ಬರೂದಿಲ್ಲಂತ. ಮೊದಲ ದಂಡಿಗೆ ಜ್ವಾಳ, ಕುದುರಿಗೆ ಕಣಕಿ ಕೂಡಿಸಿ ಇಡತಾರಂತ."

ನನಗೆ ಆಶ್ಚರ್ಯ. ಶಿವಲಿಂಗ ಎಂದೂ ಊಟದ ಚಿಂತೆ ಮಾಡಿದ ಸೇನಾಪತಿಯಲ್ಲ. ಕುದುರೆ ಕಂಡರೆ ಸಾಕು, ಓಡಿಸುತ್ತಿದ್ದ. ಈಗ ವಾರ ವಾರ ತಾಳ್ಮೆಯ ನಡೆಗಳು ಬರತೊಡಗಿದವು. ಸಣ್ಣ ಸೋಲು ಒಪ್ಪಿಕೊಂಡು ನನ್ನನ್ನು ನಾಗನೂರಿಗೆ ಎಳೆದ. ನಾನು ಅಲ್ಲಿ ಇಡೀ ಸೈನ್ಯ ನಿಲ್ಲಿಸಿ ಕಾಯುತ್ತಿದ್ದಾಗ, ಅವನ ಕುದುರೆ ದಂಡು ಮಸಗುಪ್ಪಿಯ ಹತ್ತಿರ ಹೊಳೆ ದಾಟಿ ಮೂಡಲಗಿ ಹೊಕ್ಕಿತು. ಬೇಸಿಗೆಯಲ್ಲಿ ಅಲ್ಲಿ ಮೊಣಕಾಲುಮಟ್ಟ ನೀರು ಎಂಬುದು ನನಗೆ ಹೊಳೆದೇ ಇರಲಿಲ್ಲ. ಸೋತೆ. ಆದರೂ ಊರ ತುಂಬ ಹೇಳಿಕೊಂಡು ತಿರುಗಿದೆ: ಶಿವಲಿಂಗನ ಕೈ ಹೋದರೇನಾಯಿತು, ತಲೆ ಮೊದಲಿಗಿಂತ ಚುರುಕಾಗಿದೆ!

ಬಣ್ಣ ಮುಗಿದ ಅವನ ಸೈನ್ಯ ಹೊತ್ತು, ಅಭಿನಂದಿಸಲು ಹುಕ್ಕೇರಿಗೆ ಹೋದೆ. ಗುಲಾಬಿ ಮುಂಡಾಸಿನವರನ್ನು ಒಬ್ಬೊಬ್ಬರನ್ನೇ ಮೇಜಿನ ಮೇಲೆ ನಿಲ್ಲಿಸುತ್ತಿದ್ದಂತೆ ಅವನ ಕಣ್ಣು ತುಂಬಿದವು. ಅಷ್ಟರಲ್ಲಿ ಮಾತು ಅಷ್ಟಿಷ್ಟು ಮರಳಿತ್ತು. "ಮಸಗುಪ್ಪಿ ದಾರಿ ಹೆಂಗ ಹೊಳೀತೋ ನಿನಗ?" ಎಂದು ಬೆನ್ನು ತಟ್ಟಿದೆ. ಅವನು ಓರೆ ತುಟಿಯಲ್ಲಿ ನಕ್ಕು, ಎಡಗೈಯಿಂದ ಅಡಿಗೆಮನೆ ತೋರಿಸಿದ.

"ನಾ ಅಲ್ಲೋ... ಆಕಿ."

ಗಂಗಾ ವೈನಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದರು.

"ಮೊದಮೊದಲ ಇವರ ಮಾತು ಒಂದೂ ತಿಳೀತಿದ್ದಿಲ್ಲರಿ ನನಗ. ಹಂಗಂತ ಹೇಳಿದ್ದರ ನೀವು ರವಿವಾರ ಫೋನ್ ಮಾಡೂದು ಬಿಡತಿದ್ರಿ. ಆ ಫೋನ್ ಬರೂ ಹೊತ್ತಿಗೆ ಇವರು ಹಾಸಿಗಿ ಬಿಟ್ಟು ಎದ್ದು ಕುಂದರತಿದ್ದರು. ಅದಕ್ಕ ನನಗ ತಿಳಿದಂಗ ಹೇಳಿದ್ನಿ. ಮಸಗುಪ್ಪಿ ನನ್ನ ತವರಮನಿ, ಅಲ್ಲಿ ಹೊಳಿ ದಾಟಿ ಆಡಿದಾಕಿ ನಾ." ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಆಮ್ಯಾಲ ಗೆಲ್ಲೂದೂ ಚೊಲೋ ಅನಸಾಕತ್ತಿತು ನೋಡ್ರಿ" ಎಂದರು.

ಶಿವಲಿಂಗ ಮೇಜಿನ ಕಡೆ ಬಾಗಿ, ಎಡಗೈಯಿಂದ ತನ್ನ ಸೇನಾಪತಿಯನ್ನು ಹಿಡಿದು, ನಿಧಾನವಾಗಿ ನಕಾಶೆಯ ಮೇಲೆ ಸರಿಸುತ್ತ ತಂದು ನನ್ನ ಸೈನ್ಯದ ನಡುವೆ ನಿಲ್ಲಿಸಿದ.

"ನಾ... ನಿನ್ನ ಕಡೆ."

"ಬರ್ರಿ, ಇಬ್ಬರೂ ಕೂಡೇ ಬರ್ರಿ" ಎಂದರು ವೈನಿ.

ಈಗ ಫೋನಿನ ಯುದ್ಧ ನಿಂತಿದೆ. ರವಿವಾರ ನಾನೇ ಹುಕ್ಕೇರಿಗೆ ಹೋಗುತ್ತೇನೆ. ಅವನು ಎಡಗೈಯಲ್ಲಿ ಕುಂಚ ಹಿಡಿಯಲು ಕಲಿಯುತ್ತಿದ್ದಾನೆ. ಗೆಳೆಯರಿಬ್ಬರೂ ಸೇರಿ ವೈನಿಯ ಕೈಯಲ್ಲಿರುವ ಮೂಡಲಗಿಗೆ ಮುತ್ತಿಗೆ ಹಾಕಿ ತಿಂಗಳುಗಳಾದವು, ಕೋಟೆಯ ಒಂದು ಕಲ್ಲೂ ಅಲುಗಿಲ್ಲ. "ಇನ್ನೂ ಎಷ್ಟ ದಿನಾ ಹೊರಗ ಕುಂದರತೀರಿ?" ಎಂದು ಶಾಂತಾ ಕೇಳುತ್ತಾಳೆ. ಅವಳಿಗೆ ಹೇಗೆ ತಿಳಿಸಲಿ? ಮುತ್ತಿಗೆ ಹಾಕಿದವರಿಗೆ ಒಳಗಿನಿಂದಲೇ ಹೊತ್ತು ಹೊತ್ತಿಗೆ ಚಹಾ, ಚುರಮುರಿ ಬರುತ್ತಿರುವಾಗ ಯುದ್ಧ ಮುಗಿಸುವ ಅವಸರ ಯಾವ ದೊರೆಗೂ ಇರುವುದಿಲ್ಲ.