ಹೆಂಡತಿಯ ಬೆನ್ನು, ಗಂಡನ ಬಾಯಿ
ನಮ್ಮ ಇಂಜೆಕ್ಷನ್ ಕೋಣೆಗೆ ವಾರಕ್ಕೊಬ್ಬನಾದರೂ ಬರುವ ಈ ಬಗೆಯ ಗಂಡನನ್ನು ಕಂಡರೆ ನನಗೆ ಮೈಯೆಲ್ಲಾ ಉರಿಯುತ್ತದೆ. ಬೆನ್ನುಮೂಳೆಯ ಡಿಸ್ಕ್ ಜಾರಿ ಕುಂಟುತ್ತ ಬಂದವಳು ಹೆಂಡತಿ, ಬಾಯಿ ಮಾತ್ರ ಇವನದು. ನೋವು ಎಲ್ಲಿ ಎಂದರೆ ತನ್ನ ಸೊಂಟ ಮುಟ್ಟಿ ತೋರಿಸುತ್ತಾನೆ. ಕಾಲು ಜೋಮು ಹಿಡಿಯುತ್ತದೆಯೇ ಎಂದರೆ, "ಅಷ್ಟೇನಿಲ್ಲ ಸಿಸ್ಟರ್, ಇವ್ಳು ಸ್ವಲ್ಪ ನಾಜೂಕು" ಎಂದು ನಗುತ್ತಾನೆ. ಅವಳ ವಯಸ್ಸು, ನಿದ್ದೆ, ತೂಕ ಎಲ್ಲ ಇವನಿಗೆ ಬಾಯಿಪಾಠ. ತೂಕ ಮಾತ್ರ ಮದುವೆಯ ದಿನದ್ದು. ಮೊನ್ನೆ ಬಂದವನಿಗೆ ಬಿಡಿಸಿ ಹೇಳಿದೆ: ಡಿಸ್ಕಿಗೆ ಚುಚ್ಚುವ ಈ ಮದ್ದು ಜನ್ಮಕ್ಕೆ ಒಂದೇ ಸಲ, ಎರಡನೇ ಸಲ ಕೊಟ್ಟರೆ ಮೈಗೆ ಒಗ್ಗದೆ ಉಸಿರೇ ಕಟ್ಟಬಹುದು, ಮೊದಲು ತಗೊಂಡಿದ್ದಾರಾ? "ಇಲ್ವೇ ಇಲ್ಲ, ಅದಕ್ಕೆ ನಾನು ಗ್ಯಾರಂಟಿ!" ಎಂದ. ಹಾಗೇ ಬರೆದುಕೊಂಡೆ. ಅವನನ್ನು ಆಚೆ ಕಳಿಸಿ ಮದ್ದನ್ನು ಸಿರಿಂಜಿಗೆ ಎಳೆಯುತ್ತಿದ್ದಾಗ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವಳು, "ಹೋದ್ವರ್ಷ ತಗೊಂಡಿದ್ದೆ. ಆಗ ಅಕ್ಕನ ಜೊತೆ ಬಂದಿದ್ದೆ" ಎಂದಳು. ಸಿರಿಂಜನ್ನು ಟ್ರೇಯಲ್ಲಿಟ್ಟೆ. "ಮೊದ್ಲೇ ಹೇಳ್ಬಾರ್ದಾ ತಾಯಿ!" ಎಂದು ರೇಗಿದೆ. ಅವಳು ಕತ್ತು ಹೊರಳಿಸಿ ನನ್ನನ್ನು ನೋಡಿದಳು. "ನೀವೂ ಅವರನ್ನೇ ಕೇಳ್ತಿದ್ರಲ್ಲ, ಸಿಸ್ಟರ್."